ತಾರೆಗಳ ಮೇಳವೂ ಭಾಗವತನ ತಾಳವೂ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ 1987ರಿಂದಲೇ ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸುತ್ತಿದ್ದರೂ ಶಿಕಾಗೋ ಬುಲ್ಸ್ ತಂಡಕ್ಕೆ ಪ್ರಶಸ್ತಿ ಬಂದದ್ದು 1991ರಲ್ಲಿ. 1989ರಲ್ಲಿ ತರಬೇತುದಾರರಾದ ಫಿಲ್ ಜಾಕ್ಸನ್, ಚೆಂಡು ಐವರ ಕೈಯಲ್ಲೂ ಓಡಾಡುವಂಥ ಆಟವನ್ನು ತಂಡಕ್ಕೆ ರೂಢಿಸಿದ್ದರು. ಜೋರ್ಡನ್ ಚೆಂಡನ್ನು ಬಿಟ್ಟುಕೊಡಲು ಕಲಿಯಬೇಕಾಯಿತು. ಪ್ರತಿಭಾವಂತನಿಗೆ ಇದಕ್ಕಿಂತ ಕಷ್ಟದ ಪಾಠ ಬೇರೊಂದಿಲ್ಲ.

ಈ ಪಾಠ ನಮ್ಮ ಹೊನ್ನಾವರ, ಕುಮಟಾ ಸೀಮೆಗೆ ಹೊಸತೇನಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಮುಂದೆ ಅದರಲ್ಲಿ ಶಿವರಾಮ ಹೆಗಡೆ, ಮಹಾಬಲ ಹೆಗಡೆ, ಶಂಭು ಹೆಗಡೆ, ಸ್ತ್ರೀವೇಷದ ಗಜಾನನ ಹೆಗಡೆ ಎಲ್ಲರೂ ಬೆಳಗಿದರು. ಒಬ್ಬೊಬ್ಬರೂ ತಮ್ಮ ಹೆಸರಿನಿಂದಲೇ ಜನ ಸೇರಿಸಬಲ್ಲವರು. ಇಂಥವರನ್ನು ಒಂದೇ ರಂಗದಲ್ಲಿ ನಿಲ್ಲಿಸಿದರೆ ಪ್ರಸಂಗ ಉಳಿಯುವುದು ಹೇಗೆ?

ಉತ್ತರ ಭಾಗವತರಲ್ಲಿದೆ. ಅವರನ್ನು 'ಮೊದಲನೆಯ ವೇಷಧಾರಿ' ಎನ್ನುವುದು ಬರಿಯ ಗೌರವದ ಮಾತಲ್ಲ. ಯಕ್ಷಗಾನದಲ್ಲಿ ಪದ್ಯ ಮಾತ್ರ ಬರೆದಿರುತ್ತದೆ. ಅರ್ಥ ವೇಷಧಾರಿಯ ಆಶುಮಾತು. ಆದ್ದರಿಂದ ಮಾತುಗಾರನೊಬ್ಬ ಹಿಗ್ಗಿಸುತ್ತ ಹೋದರೆ ತಡೆಯುವ ಪುಸ್ತಕವೇ ಇಲ್ಲ. ಭಾಗವತರು ತಾಳವನ್ನೆತ್ತಿ ಮುಂದಿನ ಪದ್ಯಕ್ಕೆ ಸರಿದರೆ ಎಷ್ಟು ದೊಡ್ಡ ಕಲಾವಿದನೂ ಮಾತು ಮುಗಿಸಲೇಬೇಕು. ಅದೇ ಭಾಗವತರು ಕುಣಿತ ರಂಗೇರಿದಾಗ ಸಾಲನ್ನು ಮತ್ತೆ ಮತ್ತೆ ಹಾಡಿ ಅವಕಾಶ ಕೊಡುತ್ತಾರೆ. ಎಲ್ಲಿ ಬಿಡಬೇಕು, ಎಲ್ಲಿ ಬಿಗಿಯಬೇಕು ಎಂಬ ಅಂದಾಜೇ ಅವರ ವಿದ್ಯೆ. ಮೇಳದಲ್ಲಿ ದೀರ್ಘಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರನ್ನು ರಸಿಕರು ಇಂದಿಗೂ ನೆನೆಯುತ್ತಾರೆ.

ಇನ್ನು ಎದುರು ವೇಷದ ಮಾತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಮನೆಮಾತು. ಆದರೆ ಮೋಹಿನಿ ಸಪ್ಪೆಯಾದರೆ ಭಸ್ಮಾಸುರ ಯಾರನ್ನು ಕಂಡು ಮೋಹಗೊಳ್ಳಬೇಕು? ದುರ್ಯೋಧನ ಮೆರೆಯಬೇಕಾದರೆ ಭೀಮನೂ ಗಟ್ಟಿಯಾಗಿರಬೇಕು. ತನ್ನ ಎದುರಾಳಿಯನ್ನು ಬೆಳೆಸುವುದು ಇಲ್ಲಿ ಔದಾರ್ಯವಲ್ಲ, ಸ್ವಂತ ವೇಷದ ಅಗತ್ಯ.

ಟೆಂಟು ಮೇಳಗಳ ಕಾಲದಲ್ಲಿ ಈ ಶಿಸ್ತು ಸಡಿಲಿತು. ಕರಪತ್ರದಲ್ಲಿ ದಪ್ಪಕ್ಷರದ ಹೆಸರಿಗೆ ಟಿಕೆಟ್ಟು ಹರಿಯುತ್ತಿತ್ತು. ತಾರೆಯ ತುಂಡು ಮುಗಿದೊಡನೆ ಎದ್ದು ಹೋಗುವ ಪ್ರೇಕ್ಷಕರೂ ಇದ್ದರು. ಮೇಳದ ಯಜಮಾನರನ್ನಷ್ಟೇ ದೂರಿ ಪ್ರಯೋಜನವಿಲ್ಲ, ಚಪ್ಪಾಳೆ ತಟ್ಟಿದವರು ನಾವೇ.

ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ವಿದ್ಯಾರ್ಥಿಗಳು ಕುಣಿತದ ಜೊತೆಗೆ ಹಾಡುಗಾರಿಕೆಯನ್ನೂ ಮದ್ದಳೆ, ಚೆಂಡೆಗಳನ್ನೂ ಕಲಿಯುತ್ತಾರೆ. ಮದ್ದಳೆ ನುಡಿಸಿ ಗೊತ್ತಿರುವ ವೇಷಧಾರಿ ರಂಗದಲ್ಲಿ ಮದ್ದಳೆಗಾರನ ಬೆರಳನ್ನು ಕಾಯುತ್ತಾನೆ.