ನೂಲಿಗೆ ಹತ್ತಿದ ಎಂಜಲು

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನು ಪ್ರದರ್ಶನಕ್ಕೆ ಇಟ್ಟಿದ್ದರು. 450ಕ್ಕೂ ಹೆಚ್ಚು ಮಂದಿ ಮಾಡಿದ 1,755 ವಸ್ತುಗಳು. ಗಿನ್ನೆಸ್ ದಾಖಲೆ ಆತು. ಖುಷಿಯ ಸುದ್ದಿನೇ. ನಮ್ಮ ಶಿರಹಟ್ಟಿ, ಲಕ್ಷ್ಮೇಶ್ವರದ ತಾಂಡಾಗಳೊಳಗೂ ಅದೇ ಕನ್ನಡಿ ಚೂರು, ಅದೇ ಸೂಜಿ. ಆದರ ಎಲ್ಲ ಕಡೆ ಓಡಾಡಿದ್ದು 1,755 ಅನ್ನೋ ಅಂಕಿ. ಆ 450 ಹೆಸರು ನಾನು ಓದಿದ ಯಾವ ಸುದ್ದಿಯೊಳಗೂ ಕಾಣಲಿಲ್ಲ.

ಈಗ ಗ್ಯಾಲರಿಗಳೊಳಗ ಇದಕ್ಕ ಫೈಬರ್ ಆರ್ಟ್ ಅಂತಾರ. ನೂಲು, ನಾರು, ಬಟ್ಟಿ ಗೋಡೆ ಮೇಲೆ ಏರಿದರ ಕಲೆ. ಮೈಮೇಲೆ ಇದ್ದರ ಬರೇ ಬಟ್ಟಿ. ನೇಕಾರರ ಸಂಘಗಳೂ ಹಿಂಗ ಪ್ರದರ್ಶನ ಮಾಡ್ತಾವ. ಮಾಡಲಿ, ಬೇಕು. ಆದರ ‘ಸಂಘ’ ಅಂದಾಗ ಅದರೊಳಗ ಯಾರು ಇದ್ದರು, ಯಾರನ್ನು ಹೊರಗ ಇಟ್ಟಿದ್ದರು ಅನ್ನೋ ಲೆಕ್ಕ ಒಂದು ಬಾಕಿ ಐತಿ. ನಾ ಗುಮಾಸ್ತ, ಬಾಕಿ ಲೆಕ್ಕ ನೋಡೋದು ಚಾಳಿ.

ನಮ್ಮೂರಿಂದಲೇ ಸುರು ಮಾಡೋಣ. ಲಕ್ಷ್ಮೇಶ್ವರಕ್ಕೆ ಹಿಂದೆ ಪುಲಿಗೆರೆ, ಪೊರಿಗೆರೆ ಅಂತ ಹೆಸರು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಸುಮಾರು ಕ್ರಿ.ಶ. 725ರಲ್ಲಿ ಈ ಊರಿಗೆ ಒಂದು ಆಚಾರ ವ್ಯವಸ್ಥೆ ಬರೆಸಿಕೊಟ್ಟ. ಅದು ಕಲ್ಲಿನ ಮೇಲೆ ಐತಿ. ಅರಸನ ಅಧಿಕಾರಿಗಳು ಏನು ಮಾಡಬೇಕು, ಊರವರು ಏನು ಕೊಡಬೇಕು, ಎರಡೂ ಅದರೊಳಗ ಬರತಾವ. ಒಪ್ಪಂದದ ಒಂದು ಕಡೆ ಅರಸೊತ್ತಿಗೆ. ಇನ್ನೊಂದು ಕಡೆ ಮಹಾಜನರು, ನಗರದವರು, ಹದಿನೆಂಟು ಪ್ರಕೃತಿಗಳು. 1,300 ವರ್ಷದ ಹಿಂದೆ ಒಂದು ಊರಿನ ಮಂದಿ ಅರಸನ ಎದುರು ಗುಂಪಾಗಿ ನಿಂತು ಕರಾರು ಮಾಡಿಕೊಂಡರು ಅಂದ್ರ ಸಣ್ಣ ಮಾತಲ್ಲ. ಆದರೂ ಆ ಹದಿನೆಂಟರೊಳಗ ನಮ್ಮ ಕೇರಿ ಇತ್ತೇನು ಅಂತ ಕೇಳದೆ ನನಗ ಮುಂದ ಹೋಗಾಕ ಆಗೂದಿಲ್ಲ.

ನೇಕಾರರ ಸಂಘದ ಮಾತಿಗೆ ಇನ್ನೂ ಹಿಂದಕ್ಕೆ, ನಾಸಿಕ್‌ಗೆ ಹೋಗಬೇಕು. ಅಲ್ಲಿನ ಬೌದ್ಧ ಗುಹೆಯೊಂದರಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನ ಐತಿ, ಕ್ರಿ.ಶ. 2ನೇ ಶತಮಾನದ್ದು. ಗುಹೆಯಲ್ಲಿ ವಾಸ ಇರೋ ಭಿಕ್ಖುಗಳ ಚೀವರಕ್ಕಾಗಿ ಅವನು ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ 2,000 ಕಾರ್ಷಾಪಣ ಇಟ್ಟ. ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ. ಅಸಲು ತಿರುಗಿ ತಗೊಳ್ಳಂಗಿಲ್ಲ, ಬಡ್ಡಿಯಷ್ಟೇ ಬಳಸಬೇಕು. ಲೆಕ್ಕ ಹಾಕ್ರಿ: ವರ್ಷಕ್ಕೆ 240. ಇಪ್ಪತ್ತು ಭಿಕ್ಖುಗಳು, ಒಬ್ಬೊಬ್ಬರಿಗೆ ಹನ್ನೆರಡು. ಒಂದು ಕಾಸೂ ಹೆಚ್ಚುಕಡಿಮಿ ಇಲ್ಲ! ಇನ್ನೊಂದು ನೇಕಾರ ಶ್ರೇಣಿಯಲ್ಲಿ 1,000 ಇಟ್ಟ, ಅದಕ್ಕೆ ಬಡ್ಡಿ ಮುಕ್ಕಾಲು. ಇದನ್ನೆಲ್ಲ ನಿಗಮ ಸಭೆಯಲ್ಲಿ ಓದಿ ಹೇಳಿ ಹಲಗೆ ಮೇಲೆ ಬರೆದು ದಾಖಲು ಮಾಡಿದರು. ಮಗ್ಗದವರು ಆವಾಗ ಬ್ಯಾಂಕ್ ಆಗಿದ್ದರು. ಅಷ್ಟು ನಂಬಿಕೆ, ಅಷ್ಟು ಮರ್ಯಾದೆ.

ಹಂಗಾರ ನೇಯ್ಗೆ ಗೊತ್ತಿದ್ದ ಎಲ್ಲರಿಗೂ ಆ ಮರ್ಯಾದೆ ಸಿಕ್ಕಿತೇನು? ನೇಕಾರ ಅಂದಕೂಡಲೇ ನಮಗ ದೇವಾಂಗ, ಪದ್ಮಸಾಲಿ, ಕುರುಹಿನಶೆಟ್ಟಿ ನೆನಪಾಗ್ತಾರ. ದಲಿತರು ನೇಯುತ್ತಿದ್ದರು ಅನ್ನೋದನ್ನು ನಮ್ಮವರೇ ಎಷ್ಟೋ ಮಂದಿ ಮರೆತಾರ. ಹಳೆ ಮೈಸೂರು ಸೀಮೆಯ ದಾಖಲೆಗಳೊಳಗ ‘ಮಗ್ಗದ ಹೊಲೆಯರು’ ಅಂತ ಒಂದು ಒಳಪಂಗಡದ ಹೆಸರೇ ಐತಿ. ಬಿ.ಎಲ್. ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲಿ, ಹೊಲೆಯರು ಒರಟು ಹತ್ತಿ ಬಟ್ಟೆ ನೇಯುತ್ತಾರೆ, ಬಡವರು ಅದನ್ನು ಉಡುತ್ತಾರೆ ಅಂತ ಬರೆದಾನ. ಬಡವರ ಮೈ ಮುಚ್ಚಿದ ಬಟ್ಟಿ ಅದು. ರೇಷ್ಮೆ ಅಲ್ಲ, ಜರಿ ಅಲ್ಲ. ಉಟ್ಟು ಉಟ್ಟು ಹರಿದುಹೋತು, ಯಾವ ಪೆಟ್ಟಿಗೆಯೊಳಗೂ ಉಳೀಲಿಲ್ಲ, ಹಂಗಾಗಿ ಯಾವ ಮ್ಯೂಸಿಯಂಗೂ ಹೋಗಲಿಲ್ಲ. ಕಲೆಯ ಇತಿಹಾಸ ಅಂದ್ರ ಬಹಳ ಸಲ ಉಳಿದ ಬಟ್ಟಿಯ ಇತಿಹಾಸ ಅಷ್ಟೇ.

ಆಮೇಲೆ ಮಿಲ್ಲು ಬಂದವು. ಕೈಮಗ್ಗ ಸೋತಿತು, ಹೊಟ್ಟಿಗಾಗಿ ಮುಂಬೈ ಮಿಲ್ಲಿಗೆ ಹೋದ ದಲಿತರಿಗೆ ನೂಲುವ ಖಾತೆಯಲ್ಲಿ ಕೆಲಸ ಸಿಗುತ್ತಿತ್ತು. ನೇಯುವ ಖಾತೆಯಲ್ಲಿ ಪಗಾರ ಜಾಸ್ತಿ, ಅಲ್ಲಿಗೆ ಮಾತ್ರ ಪ್ರವೇಶ ಇಲ್ಲ. ಕಾರಣ ಕೇಳ್ರಿ. ಲಾಳಿಯೊಳಗಿನ ನೂಲು ಮುಗಿದಾಗ ಹೊಸಾ ಕಂಡಿಕೆ ಹಾಕಿ, ಅದರ ಎಳೆಯನ್ನು ಲಾಳಿಯ ತೂತಿನಿಂದ ಬಾಯಲ್ಲಿ ಹೀರಿ ಹೊರಗ ತೆಗೀಬೇಕಿತ್ತು. ಲಾಳಿಗೆ, ನೂಲಿಗೆ ಎಂಜಲು ಹತ್ತುತ್ತದೆ. ಅಸ್ಪೃಶ್ಯನ ಎಂಜಲು ಹತ್ತಿದ ಲಾಳಿಯನ್ನು ಸವರ್ಣ ಕಾರ್ಮಿಕ ಬಾಯಿಗೆ ಹೆಂಗ ಇಟ್ಟಾನು? ಅದಕ್ಕೇ ಬಾಗಿಲು ಬಂದ್. ಮಾಲಕನ ವಿರುದ್ಧ ಒಂದಾಗಿ ಘೋಷಣೆ ಕೂಗುತ್ತಿದ್ದ ಕಾರ್ಮಿಕರೇ ಲಾಳಿಯ ಹತ್ತಿರ ಬಂದಾಗ ಜಾತಿಯವರಾಗುತ್ತಿದ್ದರು. 1928ರ ದೊಡ್ಡ ಮುಷ್ಕರದಲ್ಲಿ ಬಾಬಾಸಾಹೇಬರು ಇದನ್ನೇ ಎತ್ತಿ ಹಿಡಿದರು: ನೇಯುವ ಖಾತೆ ಅಸ್ಪೃಶ್ಯರಿಗೆ ತೆರೀಬೇಕು ಅನ್ನೋದು ಮುಷ್ಕರದ ಬೇಡಿಕೆಯೊಳಗ ಸೇರಬೇಕು ಅಂತ ಪಟ್ಟು ಹಿಡಿದರು. ಕಮ್ಯುನಿಸ್ಟ್ ಮುಖಂಡರು ಒಲ್ಲದ ಮನಸ್ಸಿನಿಂದ ಸೇರಿಸಿದರು. ವರ್ಗ ಒಂದೇ ಅಂತ ಈಗಲೂ ನಮಗ ಪಾಠ ಹೇಳೋ ಸಂಗಾತಿಗಳು ಈ ಲಾಳಿಯ ಕತಿ ಒಮ್ಮೆ ಓದಬೇಕು.

ಉಷವದಾತನ ಕಾಲಕ್ಕೆ ಯಾವ ಕೈ ನೇಯ್ದ ಚೀವರ ಭಿಕ್ಖುವಿನ ಮೈಮೇಲೆ ಬಂತೋ, ಅದೇ ಕಸುಬು ಮುಂದೆ ಬಾಯಿ ನೋಡಿ ಮಗ್ಗ ಕೊಡೋ ಮಟ್ಟಕ್ಕೆ ಇಳೀತು ನೋಡ್ರಿ.

ಮಗ್ಗ ಸಿಗದವರು ಸೂಜಿ ಹಿಡಿದರು. ನಮ್ಮ ಕಡೆ ಕೌದಿ ಇಲ್ಲದ ಮನಿ ಇಲ್ಲ. ಹಳೆ ಸೀರಿ, ಹರಿದ ಧೋತರ, ಕುಪ್ಪಸದ ಖಣದ ಚೂರು, ಎಲ್ಲ ಪದರು ಪದರಾಗಿ ಹಾಸಿ ಸಾಲು ಹಿಡಿದು ಹೊಲೀತಾರ. ನಮ್ಮವ್ವ ಹೊಲಿದ ಕೌದಿಯೊಳಗ ನಮ್ಮಪ್ಪನ ಅಂಗಿ ಐತಿ, ಅಕ್ಕನ ಲಂಗ ಐತಿ. ಹೊಸಾ ಬಟ್ಟಿ ಒಂದು ಗೇಣೂ ಇಲ್ಲ. ಅದನ್ನ ಹಾಸಿಕೊಂಡು ಮಲಗಿ ಬಿ.ಎ. ಓದಿದವ ನಾನು. ಹಿಂಥದ್ದೇ ಕೌದಿ ಚೌಕಟ್ಟಿನೊಳಗ ಕೂತರ ಈಗ ಅದಕ್ಕ ಸಾವಿರಗಟ್ಟಲೆ ಬೆಲೆ. ಹೊಲಿದಾಕೆಯ ಹೆಸರಿನ ಜಾಗದಾಗ ‘ಸಾಂಪ್ರದಾಯಿಕ’ ಅಂತ ಬರೆದುಬಿಡ್ತಾರ. ಸಂಪ್ರದಾಯಕ್ಕೆ ಬ್ಯಾಂಕ್ ಖಾತೆ ಇರೂದಿಲ್ಲಲ್ಲ, ಅನುಕೂಲ.

ಲಕ್ಷ್ಮೇಶ್ವರದಾಗ, ಗದಗ-ಬೆಟಗೇರಿಯಾಗ ನೇಕಾರ ಸಂಘದವರು, ಕಲಾವಿದರು ಸೇರಿ ಇಂಥ ಪ್ರದರ್ಶನ ಇಡೋದಾದ್ರ ನಾವೂ ಕೈ ಜೋಡಿಸ್ತೀವಿ, ಕುರ್ಚಿ ಹೊರಾಕೂ ತಯಾರು. ಒಂದೇ ಕೇಳಿಕೆ: ಬೆಟಗೇರಿ ಮಗ್ಗದ ಸೀರಿ ಪಕ್ಕದಾಗ ತಾಂಡಾದ ಕಸೂತಿ, ಕೇರಿಯ ಕೌದಿ ಅದೇ ಎತ್ತರಕ್ಕೆ ತೂಗಬೇಕು, ಚೀಟಿ ಮೇಲೆ ಹೊಲಿದವರ ಹೆಸರು, ಊರು ಇರಬೇಕು, ಮಾರಾಟ ಆದರ ರೊಕ್ಕ ಅವರ ಖಾತೆಗೇ ಹೋಗಬೇಕು.

ನಿಮ್ಮ ಮನಿಯಾಗ ಹಳೆ ಕೌದಿ ಇದ್ರ ಫೋಟೋ ತೆಗೆದು ಕೆಳಗ ಹಾಕ್ರಿ. ಹೊಲಿದವರನ್ನ ಕೇಳಿ, ಅವರು ಒಪ್ಪಿದರ ಹೆಸರೂ ಬರೀರಿ. ಪಟ್ಟಿ ನಾನು ಮಾಡ್ತೀನಿ.