ಐದನೇ ನಂಬರ್ ರೋಬೋ ಮತ್ತು ಬಣ್ಣ ಬಳಿದುಕೊಂಡ ಭಾರತೀಯ

ರೋಬೋ ಸಿನಿಮಾ ಅಂದರೆ ನಮಗೆ ಥಟ್ಟನೆ ನೆನಪಾಗುವುದು 1984ರ 'ಟರ್ಮಿನೇಟರ್', ಇಲ್ಲವೇ 2010ರ ರಜನಿಯ 'ಎಂದಿರನ್'. ಇವೆರಡರ ನಡುವೆ, ನಾನು ಹುಟ್ಟುವುದಕ್ಕೂ ಮುಂಚೆ, 1986ರಲ್ಲಿ ಬಂದ ಒಂದು ಚಿತ್ರವಿದೆ: 'ಶಾರ್ಟ್ ಸರ್ಕ್ಯೂಟ್'. ನಿರ್ದೇಶಕ ಜಾನ್ ಬ್ಯಾಡಮ್. ಮನೆಮಂದಿಯೆಲ್ಲ ಕೂತು ನಗಬಹುದಾದ ಸಿನಿಮಾ.

ಕಥೆ ಸರಳ. ನೋವಾ ಎಂಬ ಪ್ರಯೋಗಾಲಯ ಯುದ್ಧಕ್ಕೆಂದು ಐದು ರೋಬೋಗಳನ್ನು ತಯಾರಿಸುತ್ತದೆ. ಸಿಡಿಲು ಬಡಿದು ಐದನೆಯದಕ್ಕೆ ಜೀವ ಬಂದುಬಿಡುತ್ತದೆ! ಅದು ತಪ್ಪಿಸಿಕೊಂಡು ಹೋಗಿ ಒಬ್ಬ ಹುಡುಗಿಯ ಮನೆ ಸೇರುತ್ತದೆ, ವಿಶ್ವಕೋಶಗಳನ್ನೆಲ್ಲ ಗಳಿಗೆಯಲ್ಲಿ ಓದಿ ಮುಗಿಸುತ್ತದೆ. ಆಡುತ್ತಾ ಒಂದು ಮಿಡತೆಯನ್ನು ತುಳಿದಾಗ, ಅದು ಮತ್ತೆ ಏಳುವುದಿಲ್ಲ ಎಂದು ತಿಳಿದು ಕಂಗಾಲಾಗುತ್ತದೆ. ಸಾವು ಅಂದರೇನು ಅಂತ ಅದಕ್ಕೆ ಆಗ ಗೊತ್ತಾಗುತ್ತದೆ. ಅದಕ್ಕೆ ನಿಜವಾಗಿ ಜೀವ ಇದೆಯೇ ಎಂದು ಪರೀಕ್ಷಿಸಲು ಅದನ್ನು ಕಟ್ಟಿದ ಎಂಜಿನಿಯರ್ ಒಂದು ಜೋಕ್ ಹೇಳುತ್ತಾನೆ. ರೋಬೋ ನಗುತ್ತದೆ. ನಗು ಬಂದರೆ ಜೀವ ಇದೆ ಅಂತ ಲೆಕ್ಕ! ದಿನವಿಡೀ ಕೋಡ್ ಬರೆಯುವ ನನಗೆ ಈ ಪರೀಕ್ಷೆ ಬಹಳ ಹಿಡಿಸಿತು.

ಇಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ರೋಬೋ ಇಲ್ಲ. 'ಬ್ಲೇಡ್ ರನ್ನರ್'ಗೆ ಕೆಲಸ ಮಾಡಿದ್ದ ಸಿಡ್ ಮೀಡ್ ಇದರ ರೂಪ ಬರೆದರು, ಎರಿಕ್ ಅಲ್ಲಾರ್ಡ್ ತಂಡ ನಿಜವಾದ ಯಂತ್ರಗಳನ್ನೇ ಕಟ್ಟಿತು. ವಿಶೇಷ ಉಡುಪು ತೊಟ್ಟ ಒಬ್ಬರು ಕೈ ಆಡಿಸಿದರೆ ರೋಬೋ ಕೂಡ ಹಾಗೇ ಕೈ ಆಡಿಸುತ್ತಿತ್ತು.

ಈಗ ಇನ್ನೊಂದು ಪಾತ್ರಕ್ಕೆ ಬರೋಣ. ಆ ಎಂಜಿನಿಯರ್‌ನ ಜೊತೆಗಾರ ಬೆನ್ ಜಬಿಟುಯ. ಭಾರತೀಯನಂತೆ! ಇಂಥ ಹೆಸರಿನವರನ್ನು ನಮ್ಮ ಯಾವ ಊರಲ್ಲಾದರೂ ಕಂಡಿದ್ದೀರಾ? ಪಾತ್ರ ಮಾಡಿದವರು ಫಿಶರ್ ಸ್ಟೀವನ್ಸ್ ಎಂಬ ಬಿಳಿಯ ನಟ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು. ಅವನ ತಪ್ಪು ಇಂಗ್ಲಿಷೇ ಚಿತ್ರದ ಅರ್ಧ ಹಾಸ್ಯ. 1988ರ ಎರಡನೇ ಭಾಗದಲ್ಲಿ ಅವನೇ ನಾಯಕ, ಆದರೆ ಅಡ್ಡಹೆಸರು ಜಾರ್ವಿ ಎಂದು ಬದಲಾಗಿತ್ತು!

ತಮಿಳು ಮೂಲದ ಅಮೆರಿಕನ್ ಹಾಸ್ಯನಟ ಅಜೀಜ್ ಅನ್ಸಾರಿ ಚಿಕ್ಕಂದಿನಲ್ಲಿ ಈ ಬೆನ್‌ನನ್ನು ನೋಡಿ, ತೆರೆಯ ಮೇಲೆ ನಮ್ಮವನೊಬ್ಬ ಇದ್ದಾನೆ ಎಂದು ಹಿಗ್ಗಿದ್ದರು. ದೊಡ್ಡವರಾದ ಮೇಲೆ ಸತ್ಯ ತಿಳಿಯಿತು. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದನ್ನು ಬರೆದರು, ಸ್ಟೀವನ್ಸ್ ಅವರನ್ನೂ ಮಾತಾಡಿಸಿದರು. ಪಾತ್ರದ ತಯಾರಿಗೆ ಸ್ಟೀವನ್ಸ್ ನಮ್ಮ ಮೈಸೂರಿನ ಆರ್.ಕೆ. ನಾರಾಯಣರ 'ದಿ ಗೈಡ್' ಓದಿದ್ದರಂತೆ. ಅಂದರೆ ನಟ ಸೋಮಾರಿಯಲ್ಲ. ಒಬ್ಬ ಭಾರತೀಯನನ್ನೇ ಹಾಕಿಕೊಳ್ಳಬೇಕು ಎಂದು ಚಿತ್ರ ಮಾಡಿದವರಿಗೆ ಅನ್ನಿಸಲಿಲ್ಲ, ಅಷ್ಟೇ.

ಚಿತ್ರ ಬಂದ ಹಿಂದಿನ ವರ್ಷ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆದಿತ್ತು. ನಮ್ಮ ಎಂಜಿನಿಯರುಗಳ ತಲೆ ಅಮೆರಿಕಕ್ಕೆ ಆಗಲೇ ಬೇಕಾಗಿತ್ತು. ಮುಖ ಬೇಕಾಗಿರಲಿಲ್ಲ. ರೋಬೋಗಾಗಿ ನಿಜವಾದ ಯಂತ್ರವನ್ನೇ ಕಟ್ಟಿದವರಿಗೆ ಭಾರತೀಯನ ಮಟ್ಟಿಗೆ ಒಂದು ಡಬ್ಬಿ ಬಣ್ಣ ಸಾಕಾಯಿತು. ಎರಡನೇ ಭಾಗದ ಕೊನೆಯಲ್ಲಿ ರೋಬೋ, ಬೆನ್ ಇಬ್ಬರೂ ಅಮೆರಿಕದ ಪ್ರಜೆಗಳಾಗುತ್ತಾರೆ. ನನಗೆ ಅಲ್ಲಿ ನಗು ಬರಲಿಲ್ಲ.

ಹಾಗಂತ ಸಿನಿಮಾ ನೋಡಬೇಡಿ ಅನ್ನುತ್ತಿಲ್ಲ. ಮಕ್ಕಳಿಗೆ ಆ ರೋಬೋ ಖಂಡಿತ ಇಷ್ಟವಾಗುತ್ತದೆ. ನೋಡಿ ಮುಗಿಸಿದ ಮೇಲೆ ಬೆನ್‌ನ ಕಥೆಯನ್ನೂ ಹೇಳಿ.