ದಂಡವಿಲ್ಲದ ಬಂಧನ

ಚಿತ್ತಸ್ವಾಸ್ಥ್ಯ ಕಳೆದುಕೊಂಡವನು ಎಸಗಿದ ಕೃತ್ಯಕ್ಕೆ ಅವನನ್ನು ಹೊಣೆಯಾಗಿಸಬಹುದೆ? ದಂಡನೀತಿಯ ಚರಿತ್ರೆಯಲ್ಲಿ ಈ ಪ್ರಶ್ನೆ ಬಹು ಪ್ರಾಚೀನವಾದುದು. ನಮ್ಮ ನ್ಯಾಯಾಲಯಗಳು ಇಂದು ಅದಕ್ಕೆ ನೀಡುತ್ತಿರುವ ಉತ್ತರದ ಎಳೆಯನ್ನು 1843ರ ಲಂಡನ್ನಿನಲ್ಲಿ ಕಾಣಬಹುದು.

ಆ ವರ್ಷದ ಜನವರಿಯಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬಾತನು ಪ್ರಧಾನಿ ರಾಬರ್ಟ್ ಪೀಲರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡರಿಗೆ ಗುಂಡಿಕ್ಕಿದನು. ಕೆಲವೇ ದಿನಗಳಲ್ಲಿ ಅವರು ಮೃತರಾದರು. ಪೀಲರ ಪಕ್ಷದವರು ತನ್ನನ್ನು ಬೆನ್ನಟ್ಟಿ ಪೀಡಿಸುತ್ತಿರುವರೆಂಬ ಭ್ರಮೆ ಅವನನ್ನು ಆವರಿಸಿತ್ತು. ಜೂರಿಗಳು ಅವನನ್ನು ನಿರಪರಾಧಿಯೆಂದು ಸಾರಲು ಜನ ಕೆರಳಿದರು. ಆಗ ಲಾರ್ಡ್ಸ್ ಸಭೆಯ ಪ್ರಶ್ನೆಗಳಿಗೆ ನ್ಯಾಯಾಧೀಶರು ಕೊಟ್ಟ ಉತ್ತರವೇ ನಿಯಮವಾಯಿತು: ಬುದ್ಧಿವಿಕಾರದಿಂದಾಗಿ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ಅರಿಯದವನು ದಂಡನಾರ್ಹನಲ್ಲ. 1860ರ ಭಾರತ ದಂಡ ಸಂಹಿತೆಯ 84ನೆಯ ಕಲಮಿನಲ್ಲಿ ಈ ತತ್ತ್ವವೇ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿಯೂ ಅದೇ ಇದೆ.

ಆದರೆ ನಿರಪರಾಧಿಯಾದ ಮ್ಯಾಕ್‌ನಾಟನ್ ಮನೆಗೆ ಮರಳಲಿಲ್ಲ. ಮೊದಲು ಬೆತ್ಲೆಮ್, ಅನಂತರ ಬ್ರಾಡ್‌ಮೂರ್ ಆಸ್ಪತ್ರೆಗಳಲ್ಲಿ ಬಂಧಿಯಾಗಿದ್ದು 1865ರಲ್ಲಿ ತೀರಿಕೊಂಡನು. ದೋಷ ಕಳೆಯಿತು, ಬಂಧನ ಕಳೆಯಲಿಲ್ಲ.

ವಿಚಾರಣೆಯೇ ನಡೆಯದವರ ಪಾಡು ಇದಕ್ಕಿಂತ ದಾರುಣವಾದುದು. ತನ್ನ ಪಕ್ಷವನ್ನು ಮಂಡಿಸಲು ಅಶಕ್ತನಾದವನ ವಿಚಾರಣೆಯನ್ನು ಮುಂದೂಡಬೇಕೆಂಬುದು ದಯೆಯಿಂದ ಹುಟ್ಟಿದ ನಿಯಮ. ಅವನು ಗುಣಹೊಂದಿದನೆ ಎಂದು ಕೇಳುವವರಿಲ್ಲದಿದ್ದರೆ ಆ ದಯೆಯೇ ಸೆರೆಯಾಗುತ್ತದೆ. ಅಸ್ಸಾಮಿನ ಬಡ ಯುವಕನೊಬ್ಬನನ್ನು 1951ರಲ್ಲಿ ಬಂಧಿಸಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1967ರಲ್ಲಿ ವೈದ್ಯರು ಅವನು ಗುಣಹೊಂದಿದನೆಂದು ತಿಳಿಸಿದರು. ಆದರೂ ಅವನನ್ನು ಕಳುಹಿದ್ದು ಗುವಾಹಟಿಯ ಸೆರೆಮನೆಗೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಕೈಹಾಕಿದ ಮೇಲೆ, 2005ರಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾಯಿತು. ಕಳೆದುಹೋದದ್ದು 54 ವರ್ಷ; ವಿಚಾರಣೆ ನಡೆಯಲೇ ಇಲ್ಲ.

ತಿದ್ದುಪಡಿಯ ಯತ್ನಗಳು ನಡೆಯದೆ ಇಲ್ಲ. ಅಪರಾಧವೆಸಗದ ಮನೋರೋಗಿಗಳನ್ನು ಸೆರೆಮನೆಯಲ್ಲಿಡುವುದು ಸಂವಿಧಾನಬಾಹಿರವೆಂದು 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರಿತು. ಮರಣದಂಡನೆಗೆ ಗುರಿಯಾದವನ ಮನೋರೋಗವು ಆ ಶಿಕ್ಷೆಯನ್ನು ಇಳಿಸಲು ಕಾರಣವಾಗಬಲ್ಲದೆಂದು 2014ರಲ್ಲಿ ತೀರ್ಪಿತ್ತಿತು. ಸೆರೆಮನೆಯ ವೈದ್ಯಾಧಿಕಾರಿಯು ಅಲ್ಲಿ ಮನೋರೋಗಿಗಳಿಲ್ಲವೆಂದು ಮೂರು ತಿಂಗಳಿಗೊಮ್ಮೆ ಪರಿಶೀಲನಾ ಮಂಡಳಿಗೆ ದೃಢಪಡಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿಧಿಸಿತು.

ಈ ಕೊನೆಯ ವಿಧಿಯ ಮಹತ್ತ್ವವನ್ನು ವಾಚಕರು ಮನಗಾಣಬೇಕು. ಕೃತ್ಯದ ವೇಳೆ ಆತನಿಗೆ ಅರಿವಿತ್ತೆ ಎಂಬುದು ನ್ಯಾಯಾಲಯವು ಒಮ್ಮೆ ಕೇಳುವ ಪ್ರಶ್ನೆ. ಈಗ ಹೇಗಿದ್ದಾನೆ, ಇನ್ನೂ ಏಕೆ ಒಳಗಿದ್ದಾನೆ ಎಂಬುದನ್ನು ತಪ್ಪದೆ ಮತ್ತೆ ಮತ್ತೆ ಕೇಳುತ್ತಿರಬೇಕು. ಅಸ್ಸಾಮಿನ ಆ ಯುವಕನು ವೃದ್ಧನಾದದ್ದು ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳದಿದ್ದುದರಿಂದ.